ಕೊಕ್ಕರೆ ತಂಡವನ್ನು ಬೈಯುವ ಹಕ್ಕು

ಅಕ್ಟೋಬರ್ ತಿಂಗಳ ಒಂದು ಭಾನುವಾರದ ಮಧ್ಯಾಹ್ನ. ಹೊರಗೆ ಕಾರಿನ ಹಿಡಿ ಮುಟ್ಟಿದರೆ ಬೆರಳು ಚುರ್ ಎನ್ನುವಷ್ಟು ಬಿಸಿಲು. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎರಡು ಮೂರು ಸಾವಿರ ಜನ ಉಣ್ಣೆ ಟೋಪಿ ಹಾಕಿಕೊಂಡು, ಕಂಬಳಿ ಹೊದ್ದುಕೊಂಡು, ನಡುಗುತ್ತ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅವರ ಮುಂದೆ ಒಂದು ಫುಟ್‌ಬಾಲ್ ಮೈದಾನದ ಕಾಲು ಭಾಗದಷ್ಟು ಜಾಗದಲ್ಲಿ ಐಸ್ ಹಾಸಿತ್ತು. ಅದರ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡ ದಾಂಡಿಗರು ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಬಿದ್ದು ಒಬ್ಬರನ್ನೊಬ್ಬರು ಗೋಡೆಗೆ ಒಗೆಯುತ್ತಿದ್ದರು. ಬಿಲ್ಲೆಯ ಹೆಸರು ಪಕ್. ಆಟದ ಹೆಸರು, ನಂಬಿ, ಹಾಕಿ.

ಅವತ್ತು ನಮ್ಮ ಕಡೆಯವರು ಏಳು–ಒಂದರಿಂದ ಸೋತರು. ನನಗೆ ದಿಗಿಲಾದದ್ದು ಆ ಸೋಲಿಗಲ್ಲ. ಸೋತವರು ತಲೆ ತಗ್ಗಿಸಿಕೊಂಡು ಹೊರಟಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ‘ಗುಡ್ ಜಾಬ್, ಬಾಯ್ಸ್!’ ಎಂದು ಕೂಗಿದರು. ಏಳು ಗೋಲು ತಿಂದವರು ಮಾಡಿದ ಗುಡ್ ಜಾಬ್ ಯಾವುದು ಎಂದು ನನಗೆ ಈ ಹೊತ್ತಿಗೂ ತಿಳಿದಿಲ್ಲ.

ನಾನು ಕೊಡಗಿನವಳು, ವಿರಾಜಪೇಟೆಯ ಕಡೆ. ನಮ್ಮಲ್ಲಿ ಹಾಕಿ ಎಂದರೆ ಮನೆತನದ ವಿಷಯ. ಒಂದೊಂದು ಒಕ್ಕವೂ, ಅಂದರೆ ಒಂದೇ ಮೂಲದ ಕುಟುಂಬಗಳೆಲ್ಲ ಸೇರಿ, ಒಂದೊಂದು ತಂಡ ಕಟ್ಟಿ ಆಡುತ್ತೇವೆ. ಅತ್ತೆ ಸೊಸೆ ಒಂದೇ ತಂಡದಲ್ಲಿ ಓಡುವುದುಂಟು. ಸೋತರೆ ಗೆರೆಯ ಪಕ್ಕದಲ್ಲಿ ಕೊಡೆ ಹಿಡಿದು ಕೂತ ಅಜ್ಜಿಯಂದಿರು ಮರ್ಯಾದೆ ಉಳಿಸುವುದಿಲ್ಲ. ಬೈಗುಳ ಮಾತ್ರ ನಮ್ಮವರಿಗೇ ಮೀಸಲು. ಎದುರು ತಂಡದವರಿಗೆ ಒಂದು ಮಾತೂ ಆಡಬಾರದು, ಅವರು ಬೇರೆ ಮನೆಯವರು. ನಾನು ಹದಿನಾರು ವರ್ಷ ನಮ್ಮ ಒಕ್ಕಕ್ಕೆ ಫುಲ್‌ಬ್ಯಾಕ್ ಆಡಿದವಳು, ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಬೈದೂ ಗೊತ್ತು, ಬೈಸಿಕೊಂಡೂ ಗೊತ್ತು.

ನನ್ನ ಗಂಡ ರಘು ಮೈಸೂರಿನವರು. ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರಿಗೆ ಕೆಲಸ ಸಿಕ್ಕಿ, ನಾವು ಪೇರ್‌ಲ್ಯಾಂಡಿನಲ್ಲಿ ಮನೆ ಹಿಡಿದು ಎಂಟು ವರ್ಷವಾಯಿತು. ನನ್ನದು ಡಿಪೆಂಡೆಂಟ್ ವೀಸಾ. ಹೆಸರೇ ಹೇಳುವ ಹಾಗೆ, ಗಂಡನಿಗೆ ಆತುಕೊಂಡು ನಿಲ್ಲಬೇಕಾದ ವೀಸಾ, ಕೆಲಸ ಮಾಡುವ ಹಾಗಿಲ್ಲ. ಊರಿನಲ್ಲಿ ಇನ್ನೂರು ಮಕ್ಕಳನ್ನು ಒಂದು ಸೀಟಿ ಊದಿ ಸಾಲಾಗಿ ನಿಲ್ಲಿಸುತ್ತಿದ್ದ ನಾನು ಇಲ್ಲಿ ಪಾತ್ರೆ ತೊಳೆಯುವ ಮೆಷಿನ್ನಿಗೆ ಪಾತ್ರೆ ಜೋಡಿಸುವುದರಲ್ಲಿ ಪರಿಣತಳಾದೆ. ನಡೆದು ಹೋಗೋಣವೆಂದರೆ ಫುಟ್‌ಪಾತ್ ಅರ್ಧಕ್ಕೇ ಮುಗಿದು ಹುಲ್ಲಾಗುತ್ತದೆ. ರಸ್ತೆಯಲ್ಲಿ ನಡೆಯುವವರನ್ನು ಕಂಡರೆ ಜನ ಕಾರು ನಿಲ್ಲಿಸಿ ‘ಏನಾದರೂ ತೊಂದರೆಯಾ?’ ಎಂದು ಕೇಳುತ್ತಾರೆ. ಒಂಟಿಯಾಗಿ ಓಡಾಡುವಾಗ ಇರಲಿ ಎಂದು ರಘು ನನ್ನ ಹಳೆಯ ಪಿ.ಟಿ. ಸೀಟಿಯನ್ನೇ ಮನೆಯ ಕೀಲಿಗೊಂಚಲಿಗೆ ಸಿಕ್ಕಿಸಿಕೊಟ್ಟರು.

ಕನ್ನಡದವರು ಇರಲಿಲ್ಲವೆಂದಲ್ಲ. ದೇವಸ್ಥಾನದಲ್ಲಿ ಸಿಗುತ್ತಿದ್ದರು, ಫುಲ್‌ಶೀರ್, ಕೇಟಿ ಕಡೆಯ ಹೊಸ ಮನೆಗಳ ಗೃಹಪ್ರವೇಶಕ್ಕೆ ಕರೆಯುತ್ತಿದ್ದರು. ಒಳ್ಳೆಯವರು. ಆದರೆ ಪಾಟ್‌ಲಕ್‌ಗೆ, ಅಂದರೆ ಮನೆಗೊಂದು ಅಡುಗೆ ಮಾಡಿ ತಂದು ಹಂಚಿಕೊಳ್ಳುವ ಊಟಕ್ಕೆ, ಯಾರು ಏನು ತರಬೇಕೆಂಬ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಪ್ರತಿ ಸಲವೂ ‘ಪೇಪರ್ ಪ್ಲೇಟ್’ ಎಂದು ಬರೆದಿರುತ್ತಿತ್ತು. ನಮ್ಮ ಕಡೆಯ ಹಂದಿ ಮಾಂಸದ ಪಂದಿ ಕರಿ ಮಾಡಿಕೊಂಡು ಬಂದುಬಿಟ್ಟಾಳು ಎಂಬ ಭಯ ಅವರಿಗೆ. ನಾನು ಎಂಟು ವರ್ಷದಲ್ಲಿ ತಂದುಕೊಟ್ಟ ಪೇಪರ್ ಪ್ಲೇಟುಗಳಲ್ಲಿ ಇಡೀ ಕೊಡಗಿಗೆ ಊಟ ಹಾಕಬಹುದಿತ್ತು.

ಬೇಸರ ತಡೆಯಲಾರದೆ ಒಂದು ದಿನ ಪೆಟ್ಟಿಗೆಯ ತಳದಲ್ಲಿದ್ದ ಹಾಕಿ ಕೋಲನ್ನು ತೆಗೆದು ಗ್ಯಾರೇಜ್ ಬಾಗಿಲಿಗೆ ಚೆಂಡು ಹೊಡೆಯತೊಡಗಿದೆ. ವಾರದೊಳಗೆ ಎಚ್‌ಒಎಯಿಂದ ಪತ್ರ ಬಂತು. ಅದು ಬಡಾವಣೆಯ ಮನೆ ಮಾಲೀಕರ ಸಂಘ. ಹುಲ್ಲು ಎಷ್ಟು ಬೆಳೆಯಬೇಕು, ಕಸದ ಡಬ್ಬಿ ಎಷ್ಟು ಹೊತ್ತು ಬೀದಿಯಲ್ಲಿರಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ‘ಪದೇಪದೇ ಬಡಿಯುವ ಸದ್ದು’ ಎಂದು ದೂರು. ಪತ್ರ ಬಂದ ಮರುದಿನ ಪಕ್ಕದ ಮನೆಯ ಡಾರ್ಲೀನ್ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು.

“ದೂರು ಕೊಟ್ಟವಳು ನಾನೇ. ನೀನು ಏನೋ ರಿಪೇರಿ ಮಾಡ್ತಿದ್ದೀಯ ಅಂದ್ಕೊಂಡಿದ್ದೆ. ಇವತ್ತು ಕಿಟಕಿಯಿಂದ ನೋಡಿದೆ. ಕೈಯಲ್ಲಿ ಹಾಕಿ ಕೋಲು ಇತ್ತಲ್ಲ?” ಅಂದರು. ಹೌದು ಅಂದೆ. “ನನ್ನ ಗಂಡನ ಸೀಟು ಖಾಲಿ ಇದೆ. ಅವನು ಹೋಗಿ ಎರಡು ವರ್ಷ ಆಯ್ತು. ಇಷ್ಟು ದಿನ ಅದರ ಮೇಲೆ ನನ್ನ ಕೋಟು ಇಡ್ತಿದ್ದೆ. ಭಾನುವಾರ ಬರ್ತೀಯಾ?”

ಹೀಗೆ ನಾನು ಬಯೂ ಹೆರನ್ಸ್ ತಂಡದ ಪಾಲಿಗೆ ಬಿದ್ದೆ. ಬಯೂ ಎಂದರೆ ಹರಿಯಲೋ ಬೇಡವೋ ಎಂದು ಯೋಚಿಸುತ್ತ ಬಿದ್ದಿರುವ ಇಲ್ಲಿನ ಕೆಸರು ಹಳ್ಳ. ಹೆರನ್ ಎಂದರೆ ಕೊಕ್ಕರೆ. ತಂಡಕ್ಕೆ ಹೆಸರಿಟ್ಟವರು ಯಾರೋ ಮುಂದಿನದನ್ನು ಬಲ್ಲವರು. ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತು ಎದುರಿಗೆ ಬಂದ ಮೀನನ್ನೂ ಬಿಟ್ಟುಬಿಡುವ ಇಂಥ ಕೊಕ್ಕರೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಇವರು ವೃತ್ತಿಪರರು, ಸಂಬಳ ತೆಗೆದುಕೊಂಡು ಸೋಲುವವರು. ನಮ್ಮ ಒಕ್ಕದವರಾದರೋ ಕೈಯಿಂದ ಖರ್ಚು ಮಾಡಿಕೊಂಡು ಸೋಲುತ್ತಿದ್ದರು.

ಈ ಆಟದ ಬಗ್ಗೆಯೇ ಮೊದಲು ನನ್ನ ತಕರಾರು. ಒಬ್ಬ ಆಟಗಾರ ಮುಕ್ಕಾಲು ನಿಮಿಷ ಆಡುತ್ತಾನೆ, ಬೇಲಿ ಹಾರಿ ಬೆಂಚಿಗೆ ಬಂದು ಕೂತು ನೀರು ಕುಡಿಯುತ್ತಾನೆ, ಅವನ ಬದಲು ಇನ್ನೊಬ್ಬ ಹಾರುತ್ತಾನೆ. ನಮ್ಮಲ್ಲಿ ಐವತ್ತು ದಾಟಿದ ಚಿಕ್ಕಮ್ಮಂದಿರು ಸುಡುಬಿಸಿಲಲ್ಲಿ ಅರ್ಧ ಆಟ ಪೂರ್ತಿ ಓಡಿ ಆಮೇಲೆ ನಿಂಬೆ ಹೋಳು ಚೀಪುತ್ತಾರೆ. ತಪ್ಪು ಮಾಡಿದವನನ್ನು ಇಲ್ಲಿ ಎರಡು ನಿಮಿಷ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ. ಅಷ್ಟು ಹೊತ್ತು ಅವನ ತಂಡಕ್ಕೆ ಒಬ್ಬ ಕಡಿಮೆ. ಎದುರಾಳಿಗಳಿಗೆ ಒಬ್ಬ ಕಡಿಮೆಯಿದ್ದಾಗಲೂ ನಮ್ಮವರು ಗೋಲು ಹೊಡೆಯುವುದಿಲ್ಲ, ಅದು ಬೇರೆ ಮಾತು. ಹೊಡೆದಾಟವಾದರೆ ರೆಫರಿಗಳು ಸುಮ್ಮನೆ ನಿಂತು ನೋಡುತ್ತಾರೆ. ಅದರಲ್ಲೂ ನಮ್ಮವರೇ ಏಟು ತಿಂದು ಬರುತ್ತಾರೆ.

ಕ್ಯಾಪ್ಟನ್ ಹದಿನಾಲ್ಕನೇ ನಂಬರಿನವನು. ಪಾಸ್ ತಪ್ಪಿದರೆ ಬಗ್ಗಿ ಐಸನ್ನು ಕೆರೆದು ನೋಡುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೋಲಿ, ಅಂದರೆ ಗೋಲು ಕಾಯುವವನು, ಇಪ್ಪತ್ತೊಂಬತ್ತನೇ ನಂಬರಿನವನು, ಕೆನಡಾದ ಯಾವುದೋ ಹಳ್ಳಿಯ ಉದ್ದನೆಯ ಹುಡುಗ. ಪಕ್ ಹಿಂದಿನ ಬಲೆಗೆ ಬಿದ್ದ ಮೇಲೆ ಮಂಡಿಯೂರಿ ಎರಡೂ ಕಾಲು ಚಾಚಿ ದಾರಿ ಮುಚ್ಚುತ್ತಾನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕೋಚ್ ಚೂಯಿಂಗ್ ಗಮ್ ಅಗಿಯುವುದು ಬಿಟ್ಟು ಬೇರೆ ಏನನ್ನಾದರೂ ಮಾಡಿದ್ದನ್ನು ಐದು ವರ್ಷದಲ್ಲಿ ನಾನಂತೂ ನೋಡಲಿಲ್ಲ. ಇಷ್ಟೆಲ್ಲ ಇದ್ದೂ ಆಟ ಶುರುವಾಗುವ ಮುಂಚೆ ದೀಪ ಆರಿಸಿ, ಹೊಗೆ ಬಿಟ್ಟು, ಕೊಕ್ಕರೆಯ ತಲೆಯ ಆಕಾರದ ದೊಡ್ಡ ಬಲೂನಿನ ಬಾಯೊಳಗಿಂದ ಒಬ್ಬೊಬ್ಬರನ್ನೇ ಹೊರಗೆ ಬಿಡುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಮೊದಲ ವರ್ಷ ಪೂರ್ತಿ ಪಕ್ ಯಾರದೇ ಕಾಲಿಗೆ ತಗುಲಿದರೂ ಎದ್ದು ನಿಂತು “ಫುಟ್! ಫುಟ್!” ಎಂದು ಕೂಗಿದೆ. ನಮ್ಮ ಹಾಕಿಯಲ್ಲಿ ಚೆಂಡು ಕಾಲಿಗೆ ತಗುಲಿದರೆ ಫೌಲ್. ಇಲ್ಲಿ ಕಾಲಿನಿಂದ ತಳ್ಳಿಕೊಂಡೂ ಹೋಗಬಹುದು. ಬುದ್ಧಿಗೆ ತಿಳಿದದ್ದು ನಾಲಿಗೆಗೆ ತಿಳಿಯಲಿಲ್ಲ. ನನ್ನ ಎಡಕ್ಕೆ ಕೂರುತ್ತಿದ್ದ ಹೆಕ್ಟರ್, ರಿಫೈನರಿಯಲ್ಲಿ ವೆಲ್ಡರ್, ನನಗೆ ‘ಫುಟ್ ಲೇಡಿ’ ಎಂದು ಹೆಸರಿಟ್ಟ. ಆಟ ಬಿಗಿಯಾದಾಗ ಕೀಲಿಗೊಂಚಲಿನ ಸೀಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದೂ ನನಗೆ ಅಭ್ಯಾಸವಾಯಿತು. ಊದುತ್ತಿರಲಿಲ್ಲ, ಸುಮ್ಮನೆ ಕಚ್ಚಿರುತ್ತಿದ್ದೆ. ಮೈದಾನದಲ್ಲಿ ಇಪ್ಪತ್ತು ವರ್ಷ ಅದೇ ಮಾಡಿದವಳು.

ಬೈಗುಳದ್ದೇ ದೊಡ್ಡ ತೊಂದರೆಯಾಯಿತು. ಒಂದು ದಿನ ಹದಿನಾಲ್ಕನೆಯವನಿಗೆ ಇಂಗ್ಲಿಷಿನಲ್ಲೇ ‘ಮನೆಗೆ ಹೋಗಿ ಮಲಗಪ್ಪ’ ಅನ್ನುವ ಅರ್ಥದಲ್ಲಿ ಕೂಗಿದೆ. ಡಾರ್ಲೀನ್ ನನ್ನ ಮೊಣಕೈ ಹಿಡಿದು ಕೂರಿಸಿದರು. “ನಮ್ಮ ಹುಡುಗರನ್ನ ನಾವು ಬೈಯಲ್ಲ ಕಣಮ್ಮ. ಹೊರಗಿನೋರು ಬೈದ್ರೆ ಬೈಲಿ,” ಅಂದರು. ನಮ್ಮಲ್ಲಿ ಇದು ತೀರಾ ಉಲ್ಟಾ ಎಂದು ಹೇಳಲು ಹೋದೆ. ಆದರೆ ಆಕೆ ‘ಹೊರಗಿನವರು’ ಎಂದಾಗ ನನ್ನ ಮುಖ ನೋಡಲಿಲ್ಲ. ಅದು ನನಗೆ ಚುಚ್ಚಿತು. ಅವತ್ತಿನಿಂದ ಕನ್ನಡದಲ್ಲೇ ಬೈಯತೊಡಗಿದೆ. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಎರಡನೇ ವರ್ಷಕ್ಕೆ ಹೆಕ್ಟರ್ “ಓಡೋ ಮಾರಾಯ!” ಎಂದು ಕೂಗುವುದನ್ನು ಕಲಿತ. ಮೂರನೇ ವರ್ಷಕ್ಕೆ ನಮ್ಮ ಸಾಲು ಪೂರ್ತಿ ಕೂಗುತ್ತಿತ್ತು, ಅರ್ಥ ಗೊತ್ತಿದ್ದವಳು ನಾನೊಬ್ಬಳೇ.

ಆ ಸಾಲಿನಲ್ಲಿ ನನ್ನನ್ನು ಯಾರೂ ‘ರಘು ವೈಫ್’ ಎನ್ನಲಿಲ್ಲ. ಬೋಜಮ್ಮ ಎನ್ನಲು ಬಾರದೆ ‘ಬೋ’ ಎನ್ನುತ್ತಿದ್ದರು. ವಾಹನ ನಿಲ್ಲಿಸುವ ಜಾಗದಲ್ಲಿ ಆಟಕ್ಕೆ ಮುಂಚೆ ಟ್ರಕ್ಕಿನ ಹಿಂಬಾಗಿಲು ಇಳಿಸಿ ಮಾಂಸ ಸುಟ್ಟು ತಿನ್ನುವುದು ಇಲ್ಲಿನ ಪದ್ಧತಿ, ಟೇಲ್‌ಗೇಟ್ ಎನ್ನುತ್ತಾರೆ. ಅಲ್ಲಿಗೆ ನಾನು ಪಂದಿ ಕರಿ ಒಯ್ದೆ. ಹೆಕ್ಟರ್ ಮೂರು ಸಲ ಹಾಕಿಸಿಕೊಂಡ. ಡಾರ್ಲೀನ್ ನನ್ನ ಕಾಚಂಪುಳಿಯ ಬಾಟಲಿಯನ್ನೇ, ನಾವು ಕರಿಗೆ ಹಾಕುವ ಆ ಕಪ್ಪು ಹುಳಿಯನ್ನು, ಕೈಚೀಲಕ್ಕೆ ಇಳಿಸಿಕೊಂಡು ಹೋದರು. ಈ ದೇಶದಲ್ಲಿ ನನಗೆ ಆದ ಮೊದಲ ದೊಡ್ಡ ಸಂತೋಷ ಅದು.

ಒಮ್ಮೆ ರಾಜ್ಯೋತ್ಸವಕ್ಕೆಂದು ಆಸ್ಟಿನ್‌ಗೆ ಹೋಗಿ ಜಾರ್ಜ್‌ಟೌನಿನ ಸ್ನೇಹಿತರ ಮನೆಯಲ್ಲಿ ಉಳಿದಿದ್ದೆವು. ಅಲ್ಲಿಗೆ ಡಾಲಸ್‌ನಿಂದ ಬಂದಿದ್ದವರೊಬ್ಬರು ನಾನು ಹೆರನ್ಸ್ ನೋಡಲು ಹೋಗುತ್ತೇನೆಂದು ಕೇಳಿ ನಕ್ಕರು. “ಹಾಕಿ ನೋಡ್ಬೇಕು ಅಂದ್ರೆ ನಮ್ಮ ಡಾಲಸ್‌ಗೆ ಬನ್ನಿ. ನಿಮ್ಮದೆಲ್ಲ ಒಂದು ಟೀಮಾ?” ಅಂದರು. “ಟೀಮ್ ಅಲ್ಲ, ಅದೊಂದು ಕಾಯಿಲೆ,” ಅಂದೆ. ಹದಿನಾಲ್ಕನೆಯವನಿಂದ ಕೋಚ್‌ವರೆಗೆ ಎಲ್ಲರ ಜಾತಕ ಬಿಚ್ಚಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಮತ್ತೆ ಯಾಕೆ ಹೋಗ್ತೀರಿ?” ಎಂದರು. ರಘು ನನ್ನತ್ತ ನೋಡಿದರು. ನಾನು ಚಿತ್ರಾನ್ನ ಬಡಿಸಿಕೊಳ್ಳಲು ಎದ್ದುಹೋದೆ.

ಕಳೆದ ಸೀಸನ್ನಿನ ಹೊಸ ವರ್ಷದ ಹೊತ್ತಿಗೆ ಮಾಲೀಕ ಒಂದು ಮಾತು ಹೇಳಿದ. ಈ ಸಲ ತಂಡ ಪ್ಲೇಆಫ್ ಮುಟ್ಟಿದರೆ, ಅಂದರೆ ಮೇಲಿನ ಎಂಟು ತಂಡಗಳ ಕೊನೆಯ ಸುತ್ತಿಗೆ ಹೋದರೆ, ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ ಒಯ್ಯುತ್ತೇನೆ. ತಂಡವನ್ನು ಊರಿನಿಂದ ಕಿತ್ತು ಬೇರೆಡೆಗೆ ಒಯ್ಯಬಹುದು ಎಂಬುದೇ ನನಗೆ ಹೊಸದು. ನಮ್ಮ ಒಕ್ಕದ ತಂಡವನ್ನು ಯಾರು ಎಲ್ಲಿಗೆ ಒಯ್ದಾರು? ಡಾರ್ಲೀನ್ ಆ ಸಾಲಿನಲ್ಲಿ ಇಪ್ಪತ್ತೆರಡು ವರ್ಷ ಕೂತವರು. ಗಂಡ ಕೊನೆಯ ಬಾರಿ ಮನೆಯಿಂದ ಹೊರಟದ್ದೂ ಅಲ್ಲಿಗೇ. ತಂಡ ಹೋದರೆ ಆಕೆಗೆ ಏನು ಉಳಿಯುತ್ತದೆ ಎಂದು ಯೋಚಿಸುತ್ತಿದ್ದೆ. ನನಗೆ ಏನು ಉಳಿಯುತ್ತದೆ ಎಂದೂ ಯೋಚಿಸಿದೆ, ಒಪ್ಪಿಕೊಳ್ಳಲಿಲ್ಲ, ಅಷ್ಟೇ.

ಆರಕ್ಕೇರದ ಮೂರಕ್ಕಿಳಿಯದ ಕೊಕ್ಕರೆಗಳು ಅದು ಹೇಗೋ ಕೊನೆಯ ಆಟದವರೆಗೆ ಆಸೆ ಉಳಿಸಿಕೊಂಡು ಬಂದವು. ಆ ಭಾನುವಾರ ಗೆದ್ದರೆ ಪ್ಲೇಆಫ್, ಸೋತರೆ ಗಂಟುಮೂಟೆ. ಎರಡು–ಎರಡು ಸಮ, ಆಟ ಮುಗಿಯಲು ಮೂರು ನಿಮಿಷ. ಡಾರ್ಲೀನ್ ಕಣ್ಣು ಮುಚ್ಚಿ ಕೂತಿದ್ದರು. ನಾನು ಸೀಟಿ ಕಚ್ಚಿ ಹಿಡಿದಿದ್ದೆ. ನಮ್ಮ ಗೋಲಿನ ಮುಂದೆ ನೂಕಾಟ. ಎದುರಾಳಿಯೊಬ್ಬ ಬಂದ ಪಕ್ಕನ್ನು ಕಾಲಿನಿಂದ ತಡೆದು, ಅದೇ ಕಾಲಿನಿಂದ ಕೋಲಿಗೆ ಎಳೆದುಕೊಂಡ. ನನ್ನ ಕಣ್ಣೆದುರೇ, ಅಷ್ಟು ಸ್ಪಷ್ಟವಾದ ಫುಟ್.

ನಾನು ಸೀಟಿ ಊದಿದೆ. ನನ್ನ ಬಲಗೈ ತಾನಾಗಿ ಮೇಲೆದ್ದಿತ್ತು, ಫ್ರೀ ಹಿಟ್ ಕೊಡುವ ಅಂಪೈರಿನ ಹಾಗೆ.

ಐಸಿನ ಮೇಲೆ ನಮ್ಮ ಇಬ್ಬರು ಡಿಫೆಂಡರ್‌ಗಳು ಬೆನ್ನು ನೆಟ್ಟಗೆ ಮಾಡಿ ನಿಂತರು. ಇಪ್ಪತ್ತೊಂಬತ್ತನೆಯವನು ಮುಖವಾಡವನ್ನು ಮೇಲೆತ್ತಿ, ತಿರುಗಿ, ಗೋಲಿನ ಮೇಲಿಟ್ಟಿದ್ದ ನೀರಿನ ಬಾಟಲಿಗೆ ಕೈ ಹಾಕಿದ. ಎದುರಾಳಿ ಮಾತ್ರ ನಿಲ್ಲಲಿಲ್ಲ. ಅವನು ರೆಫರಿಯನ್ನು ನೋಡಿದ, ರೆಫರಿಯ ಸೀಟಿ ಕೈಯಲ್ಲೇ ಇತ್ತು. ಅವನು ಪಕ್ಕನ್ನು ಮೆಲ್ಲಗೆ ತಳ್ಳಿದ. ಇಪ್ಪತ್ತೊಂಬತ್ತನೆಯವನು ನೀರು ಕುಡಿಯುತ್ತಿರುವಾಗಲೇ ಅದು ಅವನ ಕಾಲ ಪಕ್ಕದಿಂದ ಒಳಗೆ ಹೋಯಿತು.

ನಮ್ಮವರು ಕೂಗಾಡಿದರು. ನಾಲ್ವರು ರೆಫರಿಗಳು ತಲೆ ಸೇರಿಸಿ ಮಾತಾಡಿ ಗೋಲು ಗೋಲೇ ಎಂದರು. ಪ್ರೇಕ್ಷಕರು ದಯವಿಟ್ಟು ಸೀಟಿ ಊದಬಾರದು ಎಂದು ಮೈಕಿನಲ್ಲಿ ಹೇಳಿದರು. ಸಿಬ್ಬಂದಿಯವನೊಬ್ಬ ಮೆಟ್ಟಿಲಿಳಿದು ಬಂದು ನಮ್ಮ ಸಾಲಿನ ತುದಿಯಲ್ಲಿ ನಿಂತು “ಸೀಟಿ ಇಲ್ಲಿಂದ ಬಂತಾ?” ಎಂದು ಕೇಳಿದ. ಹೆಕ್ಟರ್ ತಲೆ ಎತ್ತದೆ, “ಇಲ್ಲ, ಆ ಕಡೆಯಿಂದ,” ಎಂದು ಕೈ ತೋರಿಸಿದ. ಉಳಿದವರು ನೇರ ಮುಂದಕ್ಕೆ ನೋಡುತ್ತ ಕೂತರು. ಮೂರು–ಎರಡಕ್ಕೆ ಆಟ ಮುಗಿಯಿತು. ಜನ ಎದ್ದು ಚಪ್ಪಾಳೆ ತಟ್ಟಿದರು. ನನಗೆ ಏಳಲಾಗಲಿಲ್ಲ.

ಎರಡು ವಾರದ ನಂತರ ಮಾಲೀಕನ ಇಮೇಲ್ ಬಂತು. ತಂಡ ಹೊರಟಿತ್ತು. ರಘು, “ಪಾಪ, ನೀನೊಬ್ಬಳೇ ಏನೂ ಸೋಲಿಸಲಿಲ್ಲ ಬಿಡು,” ಎಂದರು. ಆದರೆ ಅವರು ಅಲ್ಲಿರಲಿಲ್ಲ, ಆ ಬಾಟಲಿಯನ್ನು ನೋಡಿರಲಿಲ್ಲ. ಒಂದು ಬೆಳಗ್ಗೆ ತಡೆಯಲಾರದೆ ಪಕ್ಕದ ಮನೆಗೆ ಹೋದೆ.

ಡಾರ್ಲೀನ್ ಡ್ರೈವ್‌ವೇಯಲ್ಲಿ ಮಣೆ ಹಾಕಿಕೊಂಡು ಕೂತು, ಟ್ರಕ್ಕಿನ ಬಂಪರ್ ಮೇಲಿದ್ದ ಹೆರನ್ಸ್ ಸ್ಟಿಕ್ಕರಿಗೆ ಹೇರ್ ಡ್ರೈಯರ್ ಹಿಡಿದು ಉಗುರಿನಿಂದ ಕೀಳುತ್ತಿದ್ದರು.

“ಅವತ್ತು ಸೀಟಿ ಊದಿದ್ದು ನಾನು,” ಅಂದೆ.

ಆಕೆ ಡ್ರೈಯರ್ ಆರಿಸಿದರು. “ಬೋ, ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನನಗೆ ವಯಸ್ಸಾಗಿದೆ, ಕಿವುಡಿ ಅಲ್ಲ.”

“ನನ್ನಿಂದಲೇ ಹೋಯಿತಲ್ಲ ತಂಡ.”

“ನಿನ್ನಿಂದ?” ಆಕೆ ನಕ್ಕರು, ಒಳ್ಳೆಯ ನಗು ಅಲ್ಲ. “ಸೀಟಿ ಕೇಳಿ ಎದುರಿನವನು ನಿಂತನಾ? ಇಲ್ಲ. ನಮ್ಮವರು ಯಾಕೆ ನಿಂತರು? ನಿಲ್ಲೋಕೆ ಒಂದು ನೆಪ ಬೇಕಿತ್ತು ಅದಕ್ಕೆ. ಸೋಮಾರಿಗಳು! ಇಪ್ಪತ್ತೆರಡು ವರ್ಷ, ಒಂದು ಸಲವೂ ಮೈ ಬಗ್ಗಿಸಿ ಆಡಿದ್ದನ್ನ ನಾನು ನೋಡಿಲ್ಲ. ಆ ಹದಿನಾಲ್ಕನೆಯವನಿಗೆ ಐಸ್ ಮೇಲೆ ನಿಲ್ಲೋಕೂ ಬರಲ್ಲ. ಆ ಗೋಲಿ ಹುಡುಗನಿಗಿಂತ ಗೋಲಿನ ಕಂಬ ಹೆಚ್ಚು ಪಕ್ ತಡೆದಿದೆ. ನನ್ನ ಗಂಡ ಆಕ್ಸಿಜನ್ ಸಿಲಿಂಡರ್ ಎಳ್ಕೊಂಡು ಬಂದು ನೋಡ್ತಿದ್ದ ಇವರನ್ನ. ಅವನು ಕೊನೇ ಸಲ ಬಂದ ದಿನ ಆರು ಗೋಲು ತಿಂದ್ರು!”

ಇಪ್ಪತ್ತೆರಡು ವರ್ಷ ಅದುಮಿಟ್ಟಿದ್ದನ್ನೆಲ್ಲ ಆಕೆ ಕಾಲು ಗಂಟೆ ಹೊರಹಾಕಿದರು. ಎಲ್ಲವೂ ನಾನು ಐದು ವರ್ಷದಿಂದ ಹೇಳುತ್ತ ಬಂದ ಮಾತೇ. ಕೇಳಿ ನನಗೆ ಖುಷಿಯಾಗಬೇಕಿತ್ತು. ಆದರೆ ನನ್ನ ಕಿವಿ ಬಿಸಿಯಾಯಿತು.

“ಸಾಕು ಡಾರ್ಲೀನ್,” ಅಂದೆ. “ಆ ಹುಡುಗನನ್ನ ಅನ್ನಬೇಡಿ. ಅವತ್ತು ಎರಡನೇ ಭಾಗದಲ್ಲಿ ಒಬ್ಬನೇ ಎಷ್ಟು ತಡೆದ! ಜ್ವರ ಇತ್ತಂತೆ ಅವನಿಗೆ. ಹದಿನಾಲ್ಕನೆಯವನ ಮಂಡಿಗೆ ಆಪರೇಷನ್ ಆಗಿ ಆರು ತಿಂಗಳೂ ಆಗಿರಲಿಲ್ಲ.”

ಡಾರ್ಲೀನ್ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು. “ಐದು ವರ್ಷ ನನ್ನ ಕಿವಿ ಪಕ್ಕ ಅವರನ್ನ ಬೈದವಳು ನೀನೇ ತಾನೆ? ನಿನ್ನ ಭಾಷೆ ನನಗೆ ಬರಲ್ಲ, ಬೈಗುಳ ಅಂತ ಗೊತ್ತಾಗಲ್ವಾ?”

ಇನ್ನೊಂದು ಮಣೆ ಎಳೆದುಕೊಂಡು ಕೂತು ಸ್ಟಿಕ್ಕರಿನ ಆಚೆಯ ತುದಿ ಹಿಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಡಾರ್ಲೀನ್ ಬಗ್ಗೆ ರಘು ಹತ್ತಿರ ಎಷ್ಟೋ ಸಲ ಆಡಿಕೊಂಡಿದ್ದೆ. ಹೆಗ್ಗಣ ನನಗೂ ಯಾವಾಗ ಮುದ್ದಾಯಿತೋ ತಿಳಿಯಲಿಲ್ಲ.

ಕೊಕ್ಕರೆಗಳು ಈಗ ಹೊಸ ರಾಜ್ಯದಲ್ಲಿ, ಹೊಸ ಹೆಸರಿನಲ್ಲಿ ಆಡುತ್ತಿವೆ. ಅಲ್ಲಿಯೂ ಸೋಲುತ್ತಿವೆ ಎಂದು ಹೆಕ್ಟರ್ ಮೆಸೇಜ್ ಮಾಡುತ್ತಿರುತ್ತಾನೆ. ಭಾನುವಾರದ ಮಧ್ಯಾಹ್ನಗಳು ಉದ್ದವಾಗಿವೆ.

ಮೊನ್ನೆ ವಿರಾಜಪೇಟೆಯಿಂದ ಶೈಲಜಾ ಟೀಚರ್ ಫೋನ್ ಮಾಡಿದ್ದರು. ಒಂದೇ ಶಾಲೆಯಲ್ಲಿ ಕೆಲಸ ಮಾಡಿದವರು ನಾವು, ಈಗ ನನ್ನ ಜಾಗದಲ್ಲಿ ಅವರೇ ಪಿ.ಟಿ. ನೋಡಿಕೊಳ್ಳುತ್ತಾರೆ. ನನ್ನ ಧ್ವನಿ ಕೇಳಿ, “ಯಾಕೆ ಬೋಜಮ್ಮ, ಏನೋ ಒಂಥರಾ ಇದ್ದೀರಿ?” ಅಂದರು.

“ಏನಿಲ್ಲ ಟೀಚರೇ. ನಮ್ಮ ಟೀಮ್ ಹೋಯ್ತು.”

“ಅಯ್ಯೋ! ಯಾರು? ಏನಾಯ್ತು? ನಿಮ್ಮ ಒಕ್ಕದವರಿಗಾ?” ಅವರ ದನಿಯಲ್ಲಿ ನಿಜವಾದ ಗಾಬರಿಯಿತ್ತು.

ನಾನು ವಿಷಯ ಬಿಡಿಸಿ ಹೇಳಿದೆ. ಐಸು, ಮಾಲೀಕ, ಬೇರೆ ರಾಜ್ಯ. ಅವರು ಉಸಿರು ಬಿಟ್ಟು ನಕ್ಕರು.

“ಅಷ್ಟೇನಾ! ಒಂದು ನಿಮಿಷ ಎದೆ ಝಲ್ ಅಂತು ನೋಡಿ. ನಾನು ನಮ್ಮವರೇನೋ ಅಂದ್ಕೊಂಡೆ.”

ಅಲ್ಲ, ನಮ್ಮವರಲ್ಲ ಎನ್ನಲು ಬಾಯಿ ತೆರೆದೆ. ಹೌದು, ನಮ್ಮವರೇ ಎನ್ನಲೂ ನೋಡಿದೆ. ಎರಡೂ ಬರಲಿಲ್ಲ. ಅವರು ಶಾಲೆಯ ವಿಷಯ ಹೇಳತೊಡಗಿದರು, ನಾನು ಹೂಂಗುಟ್ಟುತ್ತ ಕೇಳಿಸಿಕೊಂಡೆ.